ನನ್ನ ಕತೆಯಲ್ಲಿ ಸುರಿದದ್ದು ಯಾರ ಮಳೆ?

ಮಾತಾಡೋಕೆ ಕರೆದಾಗ ಕೇಳಿದ ಪ್ರಶ್ನೆ ಸರಳವಾಗಿತ್ತು. ನಿಮಗೆ ಇಷ್ಟವಾದ ಸಿನಿಮಾ, ಧಾರಾವಾಹಿ, ಪುಸ್ತಕ ಯಾವುವು, ಅವುಗಳಿಂದ ನಿಮ್ಮ ಬರವಣಿಗೆಗೆ ಏನು ಸಿಕ್ಕಿತು? ಪಟ್ಟಿ ಮಾಡೋದು ಸುಲಭ, ಐದು ನಿಮಿಷದ ಕೆಲಸ. ಎರಡನೇ ಭಾಗಕ್ಕೆ ಉತ್ತರ ಕೊಡಬೇಕು ಅಂದ್ರೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗುತ್ತೆ. ಅದನ್ನು ಬಿಟ್ಟು ಮಾತಾಡಿದರೆ ಇದು ಬರೀ ಹೊಗಳಿಕೆ ಆಗುತ್ತೆ. ಹಾಗಾಗಿ ಅದನ್ನೂ ಹೇಳ್ತೀನಿ.

ನಾನು ಪುಣೆಯಲ್ಲಿ ಇರೋನು. ಹಗಲು ಹಿಂಜೆವಾಡಿಯಲ್ಲಿ ಕೋಡ್ ಬರೀತೀನಿ, ರಾತ್ರಿ ವಾಕಡ್‌ನ ಫ್ಲಾಟ್‌ನಲ್ಲಿ ಕತೆ ಬರೀತೀನಿ. ಒಂಬತ್ತು ವರ್ಷದಲ್ಲಿ ಹನ್ನೊಂದು ಕತೆ. ಅಂದ್ರೆ ದೊಡ್ಡ ಲೇಖಕ ಏನಲ್ಲ. ಊರು ರಾಣೆಬೆನ್ನೂರು.

ನನ್ನ ಮೊದಲ ಕತೆ ಹೀಗೆ ಶುರುವಾಗುತ್ತಿತ್ತು: ಜಡಿಮಳೆ, ಹೆಂಚಿನ ಮನೆ, ಅಡಿಕೆ ತೋಟ, ಜಗಲಿಯ ಮೇಲೆ ಕಂಬಳಿ ಹೊದ್ದು ಕೂತ ಅಜ್ಜ. ಬರೆದು ಮುಗಿಸಿದಾಗ ಬಹಳ ಖುಷಿಯಾಗಿತ್ತು. ಆಗ ನನ್ನ ರೂಮ್‌ಮೇಟ್ ಒಬ್ಬ ತೀರ್ಥಹಳ್ಳಿ ಕಡೆಯವನು. ಓದಿ ಎರಡೇ ಪ್ರಶ್ನೆ ಕೇಳಿದ. ಒಂದು, "ನಿಮ್ಮೂರಲ್ಲಿ ಇಷ್ಟು ಮಳೆ ಬರುತ್ತೇನೋ?" ಎರಡು, "ಅಡಿಕೆ ಕೊಯ್ಲು ಈ ತಿಂಗಳಲ್ಲಿ ಮಾಡ್ತಾರೆ ಅಂತ ಯಾರು ಹೇಳಿದ್ರು ನಿಂಗೆ?"

ರಾಣೆಬೆನ್ನೂರು ಕಡೆ ಹೋದವರಿಗೆ ಗೊತ್ತಿರುತ್ತೆ. ಹತ್ತಿ, ಗೋವಿನಜೋಳ, ಮೆಣಸಿನಕಾಯಿ. ಬಯಲು. ಊರಿನ ಪಕ್ಕದಲ್ಲೇ ಕೃಷ್ಣಮೃಗಗಳ ಅಭಯಾರಣ್ಯ ಇದೆ, ಅದೂ ಕುರುಚಲು ಕಾಡು. ಜೂನ್‌ನಲ್ಲಿ ನಮ್ಮಲ್ಲಿ ಹಿರಿಯರು ಮೋಡ ನೋಡ್ತಾ ನಿಂತಿರ್ತಾರೆ. ನನ್ನ ಕತೆಯಲ್ಲಿ ಮಾತ್ರ ಧಾರಾಕಾರ. ಹಾಗಾದ್ರೆ ಅದು ಯಾರ ಮಳೆ?

ಹುಡುಕೋದು ಕಷ್ಟ ಆಗಲಿಲ್ಲ. ಅದು 'ಮಾಲ್ಗುಡಿ ಡೇಸ್' ಮಳೆ.

ನಮ್ಮ ವಯಸ್ಸಿನವರಲ್ಲಿ ಅದನ್ನು ನೋಡದವರು ಕಡಿಮೆ. 1987ರಲ್ಲಿ ದೂರದರ್ಶನದಲ್ಲಿ ಬಂತು, ನಾವೆಲ್ಲ ನೋಡಿದ್ದು ಮರುಪ್ರಸಾರದಲ್ಲಿ. ಶಂಕರ್ ನಾಗ್ ನಿರ್ದೇಶನ, ಎಲ್. ವೈದ್ಯನಾಥನ್ ಸಂಗೀತ, ಟೈಟಲ್‌ನಲ್ಲಿ ಆರ್.ಕೆ. ಲಕ್ಷ್ಮಣ್ ಚಿತ್ರಗಳು, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಚಿತ್ರೀಕರಣ ಆಗುಂಬೆಯಲ್ಲಿ. ಊರು ಬಿಟ್ಟ ಮೇಲೆ ನನಗೆ ಕರ್ನಾಟಕ ಅಂದ್ರೆ ಆಗುಂಬೆಯೇ ಆಗಿಬಿಟ್ಟಿತ್ತು. ಇದು ನನ್ನೊಬ್ಬನ ಕತೆ ಅಲ್ಲ ಅಂದ್ಕೊಳ್ತೀನಿ. ಮುಂಗಾರು ಶುರುವಾದ ದಿನ ನಮ್ಮ ಕನ್ನಡ ಗ್ರೂಪ್‌ಗಳಲ್ಲಿ ಬರೋ ಫೋಟೋ ನೋಡಿ. ವಿಜಯಪುರದವನೂ ಆಗುಂಬೆ ಮಳೆ ಹಾಕ್ತಾನೆ, ಕೋಲಾರದವನೂ ಅದನ್ನೇ ಹಾಕ್ತಾನೆ. ದೂರ ಇರೋರಿಗೆ ಊರು ಒಂದು ಪೋಸ್ಟ್‌ಕಾರ್ಡ್ ಆಗಿಬಿಡುತ್ತೆ, ಆ ಪೋಸ್ಟ್‌ಕಾರ್ಡ್ ಎಲ್ಲರದ್ದೂ ಒಂದೇ.

ಸರಿ, ರೂಮ್‌ಮೇಟ್ ಬೈದ ಮೇಲೆ ಧಾರಾವಾಹಿಯನ್ನ ಮತ್ತೆ ನೋಡಿದೆ, ಆರ್.ಕೆ. ನಾರಾಯಣ್ ಪುಸ್ತಕವನ್ನೂ ಓದಿದೆ. ನಾರಾಯಣ್ ಅವರ ಮಾಲ್ಗುಡಿ ಮಲೆನಾಡಿನ ಊರೇ ಅಲ್ಲ. ಸರಯೂ ಅನ್ನೋ ಕಲ್ಪನೆಯ ನದಿ ಪಕ್ಕದ, ದಕ್ಷಿಣದ ಒಂದು ಸಣ್ಣ ಪಟ್ಟಣ. ಅಂದ್ರೆ ನಾನು ಹತ್ತು ವರ್ಷದಿಂದ ಹಿಡ್ಕೊಂಡು ಕೂತಿದ್ದ ಮಳೆ ಕತೆಗಾರನದ್ದಲ್ಲ, ನಿರ್ದೇಶಕ ಚಿತ್ರೀಕರಣಕ್ಕೆ ಆರಿಸಿಕೊಂಡ ಜಾಗದ್ದು. ಶಂಕರ್ ನಾಗ್ ಪುಸ್ತಕದಿಂದ ಜೋಪಾನವಾಗಿ ತಗೊಂಡದ್ದು ಬೇರೆ ಏನನ್ನೋ. ಅದು ಸ್ವಾಮಿಯ ಕಣ್ಣಿನ ಎತ್ತರ.

'ಸ್ವಾಮಿ ಅಂಡ್ ಫ್ರೆಂಡ್ಸ್'ನಲ್ಲಿ ಅಪ್ಪ ರಜೆಯ ದಿನ ಸ್ವಾಮಿಯನ್ನ ಕೂರಿಸಿ ಲೆಕ್ಕ ಕೊಡ್ತಾನೆ. ಇಷ್ಟು ಮಾವಿನಹಣ್ಣಿಗೆ ಇಷ್ಟು ಆಣೆ ಆದರೆ ಇನ್ನಿಷ್ಟಕ್ಕೆ ಎಷ್ಟು. ಸ್ವಾಮಿಗೆ ಲೆಕ್ಕ ಮುಂದೆ ಹೋಗಲ್ಲ. ಅವನ ತಲೇಲಿ ಒಂದೇ ಪ್ರಶ್ನೆ: ಆ ಹಣ್ಣು ಮಾಗಿದೆಯೋ ಇಲ್ಲವೋ? ಅದನ್ನು ಅಪ್ಪನ ಹತ್ರ ಕೇಳೋದು ಹೇಗೆ? ಧಾರಾವಾಹಿಯಲ್ಲಿ ಅಪ್ಪನಾಗಿ ಗಿರೀಶ್ ಕಾರ್ನಾಡ್. ಅವರು ಬಂದು ನಿಂತರೆ ಸಾಕು, ಮನೆ ಚಿಕ್ಕದಾದ ಹಾಗೆ ಅನ್ಸುತ್ತೆ. ಕಂಬಳಿ ಹೊದ್ದ ಅಜ್ಜ ನಮ್ಮ ಮನೇಲಿ ಇರಲಿಲ್ಲ. ಅಪ್ಪನ ಹೆಜ್ಜೆ ಸದ್ದು ಕೇಳಿ ಪುಸ್ತಕ ತೆಗೆಯೋ ಹುಡುಗ ಇದ್ದ. ನಾನೇ. ಅದನ್ನು ಬಿಟ್ಟು ಮಳೆ ತಂದಿದ್ದೆ.

ಇಲ್ಲೊಂದು ಸಣ್ಣ ವಿಷಯ. ಶಂಕರ್ ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ಕ್ಕೆ, ದಾವಣಗೆರೆ ಹತ್ತಿರದ ಆನಗೋಡಿನ ಬಳಿ ರಸ್ತೆ ಅಪಘಾತದಲ್ಲಿ. ನಾನು ಪುಣೆಯಿಂದ ಊರಿಗೆ ಹೋಗೋ ಹೆದ್ದಾರಿಯೇ ನಮ್ಮೂರು ದಾಟಿ ಮುಂದೆ ಅಲ್ಲಿಗೆ ಹೋಗುತ್ತೆ. ಆಗ ಅವರಿಗೆ 35 ವರ್ಷ. ನನಗೀಗ 36. ಅಷ್ಟರಲ್ಲಿ ಅವರು ಎಷ್ಟೆಲ್ಲಾ ಮಾಡಿದ್ರು ಅಂತ ಯೋಚಿಸಿದಾಗಲೆಲ್ಲ ನನ್ನ ಹನ್ನೊಂದು ಕತೆ ನೆನಪಾಗುತ್ತೆ.

ಎರಡನೆಯದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಕಾದಂಬರಿ, ನಾನು ಓದಿದ್ದು ಎಂಟೆಕ್ ಹಾಸ್ಟೆಲ್‌ನಲ್ಲಿ. ಥೀಸಿಸ್ ಬರೀಬೇಕಾದ ರಾತ್ರಿ ಇದನ್ನು ಹಿಡಿದು ಬೆಳಗಿನ ಜಾವ ಮುಗಿಸಿದೆ. ಆಮೇಲೆ ನಾನು ಬರೆದ ಎರಡು ಕತೆಗಳಲ್ಲಿ ಏನಿತ್ತು ಹೇಳಿ? ಕಾಡು, ಕೋವಿ, ಒಂದು ನಾಯಿ. ಮತ್ತೆ ಅದೇ ತಪ್ಪು.

ಮೂರನೇ ಸಲ ಓದಿದಾಗ ಬೇರೆ ಕಂಡಿತು. ಹಾರುವ ಓತಿಯ ಹುಡುಕಾಟದ ಕಾದಂಬರಿ ಅಂತ ನಾವೆಲ್ಲ ನೆನಪಿಟ್ಕೊಂಡಿದ್ದೀವಿ. ಆದರೆ ಅದು ಶುರುವಾಗೋದು ಜೇನುತುಪ್ಪದಿಂದ. ಓತಿ ಬರೋದು ಎಷ್ಟೋ ಆದಮೇಲೆ. ಅಲ್ಲಿಯವರೆಗೂ ಗದ್ದೆಯ ತಾಪತ್ರಯ, ಜನರ ಜಗಳ, ಮಂದಣ್ಣನ ಪಾಡು. ಊರಿನವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು, ವಿಜ್ಞಾನಿ ಕರ್ವಾಲೊ ಕಣ್ಣಿಗೆ ಮಾತ್ರ ಹುಟ್ಟಿನಿಂದಲೇ ನಿಸರ್ಗ ಬಲ್ಲವನು. ಅದನ್ನು ಹೇಳೋ ನಿರೂಪಕ ತಾನೂ ಒಬ್ಬ ರೈತ, ಮಂದಣ್ಣನನ್ನ ಅವನೇ ಮೊದಲು ಸರಿಯಾಗಿ ನೋಡಿರಲ್ಲ. ತೇಜಸ್ವಿ ಮೂಡಿಗೆರೆಯಲ್ಲಿ ತೋಟ ಮಾಡ್ಕೊಂಡು ಬದುಕಿದವರು, ತಮ್ಮ ಸುತ್ತ ಇದ್ದದ್ದನ್ನ ಬರೆದರು. ಕಾಡು ಅವರ ವಿಳಾಸ. ಅವರೇನಾದ್ರೂ ವಾಕಡ್‌ನಲ್ಲಿ ಇದ್ದಿದ್ರೆ ನಮ್ಮ ಸೊಸೈಟಿಯ ನೀರಿನ ಟ್ಯಾಂಕರ್ ಡ್ರೈವರ್ ಮೇಲೆ ಒಂದು ಒಳ್ಳೆ ಕಾದಂಬರಿ ಬಂದಿರ್ತಿತ್ತು ಅಂತ ನನ್ನ ನಂಬಿಕೆ.

ಇನ್ನೊಂದು, ಆ ಕೊನೆ. ಓದದವರು ಕಿವಿ ಮುಚ್ಕೊಳ್ಳಿ. ಅಷ್ಟು ಕಷ್ಟಪಟ್ಟು ಹುಡುಕಿದ ಓತಿ ಕೈಗೆ ಸಿಗಲ್ಲ, ಕಣಿವೆಯ ಕಡೆ ತೇಲಿ ಹೋಗಿಬಿಡುತ್ತೆ. ನನ್ನಂಥ ಎಂಜಿನಿಯರ್ ತಲೆಗೆ ಇದು ಒಗ್ಗಲಿಲ್ಲ. ಟಿಕೆಟ್ ಓಪನ್ ಮಾಡಿದ ಮೇಲೆ ಕ್ಲೋಸ್ ಮಾಡಬೇಕಲ್ಲ? ನನ್ನ ಕತೆಗಳಲ್ಲಿ ಕಳ್ಳ ಸಿಕ್ಕಿಬೀಳ್ತಿದ್ದ, ಜಗಳ ಆಡಿದವರು ಒಂದಾಗ್ತಿದ್ರು, ರೂಟ್ ಕಾಸ್ ಅನಾಲಿಸಿಸ್ ಥರ ಕೊನೆಯ ಪ್ಯಾರಾದಲ್ಲಿ ಕಾರಣ ಇರ್ತಿತ್ತು. ಈ ಅಭ್ಯಾಸ ಮುಂದೆ ನನಗೆ ದುಬಾರಿಯಾಯ್ತು. ಅದಕ್ಕೆ ಬರ್ತೀನಿ.

ಮೂರನೆಯದು 'ತಿಥಿ'. ರಾಮ್ ರೆಡ್ಡಿ ನಿರ್ದೇಶನದ ಸಿನಿಮಾ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು, ಮರುವರ್ಷ ನಮ್ಮಲ್ಲಿ ಬಿಡುಗಡೆ ಆಯ್ತು. ಕತೆ ಬರೆಯೋದರಲ್ಲಿ ಜೊತೆಗಿದ್ದ ಈರೇಗೌಡರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರೇ. ಅಲ್ಲಿಯ ಜನರೇ ನಟಿಸಿದ್ದಾರೆ, ಕಲಾವಿದರಲ್ಲ. 101 ವರ್ಷದ ಸೆಂಚುರಿ ಗೌಡ ಮೊದಲ ಕೆಲವು ನಿಮಿಷದಲ್ಲೇ ಸಾಯ್ತಾನೆ, ಹನ್ನೊಂದನೇ ದಿನದ ತಿಥಿಯವರೆಗೆ ಸಿನಿಮಾ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ, ನಡೀತಾ ಇರ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು, ಅದಕ್ಕೆ ಬದುಕಿರೋ ಅಪ್ಪನಿಗೇ ಮರಣ ಪ್ರಮಾಣಪತ್ರ ಮಾಡಿಸ್ತಾನೆ.

ನಾನು ಇದನ್ನ ಲ್ಯಾಪ್‌ಟಾಪ್‌ನಲ್ಲಿ ನೋಡಿದೆ, ಜೊತೆಗೆ ನಾಲ್ಕು ಜನ ಸಹೋದ್ಯೋಗಿಗಳು, ಇಬ್ಬರು ಮರಾಠಿಯವರು. ಕೆಲವು ಕಡೆ ಅವರ ಹಾಗೆ ನಾನೂ ಸಬ್‌ಟೈಟಲ್ ನೋಡಬೇಕಾಯ್ತು! ಮಂಡ್ಯದ ಆ ಮಾತನ್ನ ಯಾರೂ ತಿದ್ದಿರಲಿಲ್ಲ. ಅವತ್ತು ರಾತ್ರಿ ನನ್ನ ಕತೆಗಳ ಸಂಭಾಷಣೆ ತೆಗೆದು ಓದಿದೆ. ಎಲ್ಲರೂ ಪಠ್ಯಪುಸ್ತಕದ ಥರ ಮಾತಾಡ್ತಿದ್ರು. ನಮ್ಮ ಮನೇಲಿ ಅಪ್ಪ "ಯಾಕ ತಡಾ ಆತು?" ಅಂತಾನೆ. ನನ್ನ ಕತೆಯ ಅಪ್ಪ "ಏಕೆ ತಡವಾಯಿತು?" ಅಂತಿದ್ದ. ಆ ಅಪ್ಪನಿಗೆ ನಾನು ಯಾವತ್ತಾದರೂ ಹೆದರ್ತಿದ್ನಾ? ಇಲ್ಲ. ಹೆದರಿಕೆ ಇದ್ದದ್ದು ಆ "ಯಾಕ"ದಲ್ಲಿ. ಕಾಲೇಜಿಗೆ ಬಂದಾಗ ನಗ್ತಾರೆ ಅಂತ ನಾನು ಆ ಮಾತನ್ನ ಬಿಟ್ಟಿದ್ದೆ. ನಿಮ್ಮಲ್ಲೂ ಕೆಲವರು ಬಿಟ್ಟಿರ್ತೀರಿ.

ನಾಲ್ಕನೆಯದು ವಿವೇಕ ಶಾನಭಾಗರ 'ಘಾಚರ್ ಘೋಚರ್'. ಶಾನಭಾಗರೂ ಎಂಜಿನಿಯರ್ ಅಂತ ಗೊತ್ತಾದಾಗ ಸ್ವಲ್ಪ ಧೈರ್ಯ ಬಂದಿತ್ತು. ಶ್ರೀನಾಥ್ ಪೇರೂರ್ ಅವರ ಇಂಗ್ಲಿಷ್ ಅನುವಾದ ಬಂದ ಮೇಲೆ ನಮ್ಮ ಆಫೀಸ್‌ನಲ್ಲಿ ಕನ್ನಡ ಬಾರದವರೂ ಓದಿದ್ದಾರೆ. ಸಣ್ಣ ಪುಸ್ತಕ. ಬೆಂಗಳೂರಿನ ಒಂದು ಕುಟುಂಬ, ಅಪ್ಪ ಚಹಾ ಕಂಪನಿಯ ಸೇಲ್ಸ್‌ಮನ್, ಕೈಗೆ ಕೈ ಬಾಯಿಗೆ ಬಾಯಿ ಅನ್ನೋ ಸಂಸಾರ. ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದುಡ್ಡು ಬರುತ್ತೆ. ದುಡ್ಡು ಬಂದ ಮೇಲೆ ಆ ಮನೆಯವರು ಏನಾಗ್ತಾರೆ ಅನ್ನೋದೇ ಕತೆ. ಅದರಲ್ಲಿ ಒಂದು ರಾತ್ರಿ ಅಪ್ಪನ ದಿನದ ಲೆಕ್ಕ ಹೊಂದಲ್ಲ. ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂತಿರ್ತಾರೆ.

ಆ ಪುಟದಲ್ಲಿ ನಾನು ಪುಸ್ತಕ ಮುಚ್ಚಿಟ್ಟೆ. ಯಾಕಂದ್ರೆ ಅಂಥ ಒಂದು ರಾತ್ರಿ ನಮ್ಮ ಮನೇಲೂ ಆಗಿತ್ತು.

ಅಪ್ಪ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. 1998, ನಾನು ಐದನೇ ಕ್ಲಾಸು. ಹತ್ತಿ ಸೀಸನ್. ಒಂದು ಸಂಜೆ ಕ್ಯಾಷ್ ಕಡಿಮೆ ಬಂತು. ರಾತ್ರಿ ರೋಕಡಿ ಪುಸ್ತಕ ಮನೆಗೆ ತಂದು ಅಪ್ಪ ಮೂರು ಸಲ ಕೂಡಿದ. ಹೊಂದಲಿಲ್ಲ. ಮರುದಿನ ಅವ್ವನ ಬಳಿ ಅಡ ಇಟ್ಟು ದುಡ್ಡು ತುಂಬಿದ. ಯಾರು ತಗೊಂಡ್ರು, ಎಲ್ಲಿ ಹೋಯ್ತು, ಇವತ್ತಿಗೂ ಗೊತ್ತಿಲ್ಲ. ಬಳಿ ಬಿಡಿಸ್ಕೊಂಡು ಬರೋಕೆ ಎರಡು ವರ್ಷ ಹಿಡೀತು. ಮನೇಲಿ ಆ ಮಾತನ್ನ ಮತ್ತೆ ಯಾರೂ ಎತ್ತಲಿಲ್ಲ.

ಇಪ್ಪತ್ತು ವರ್ಷ ಈ ವಿಷಯ ನನ್ನ ಹತ್ರ ಇತ್ತು, ನಾನು ಆಗುಂಬೆ ಮಳೆ ಬರೀತಾ ಕೂತಿದ್ದೆ. ಎರಡು ವಾರದಲ್ಲಿ ಕತೆ ಬರೆದೆ. ಹುಡುಗನ ಕಣ್ಣು, ನಮ್ಮ ಮಾತು, ನಮ್ಮ ಧೂಳು, ಎಲ್ಲಾ ಇತ್ತು. ಬರೀ ಕೊನೆ ಸಿಗ್ತಿರಲಿಲ್ಲ. ಆಗ ಹಳೆ ಚಟ ಬಂತು. ಟಿಕೆಟ್ ಕ್ಲೋಸ್ ಆಗಬೇಕು. ಕೊನೆಯ ಪ್ಯಾರಾದಲ್ಲಿ ಗುಮಾಸ್ತನೇ ದುಡ್ಡು ತೆಗೆದಿದ್ದ ಅಂತ ಬರೆದೆ. ಒಳ್ಳೆ ತಿರುವು. ಒಂದು ದೀಪಾವಳಿ ವಿಶೇಷಾಂಕದಲ್ಲಿ ಪ್ರಕಟವಾಯ್ತು. ಹನ್ನೊಂದರಲ್ಲಿ ಅತಿ ಹೆಚ್ಚು ಜನ ಮೆಚ್ಚಿದ ಕತೆ ಅದೇ.

ಊರಲ್ಲೂ ಓದಿದ್ರು. ಹೆಸರು ಬದಲಾಯಿಸಿದ್ದೆ, ಆದರೆ ಹತ್ತಿ ಅಂಗಡಿ, ಗುಮಾಸ್ತ, ಎರಡು ಬಳಿ ಅಂದ್ರೆ ಊರವರಿಗೆ ಹೆಸರು ಬೇಕಾ? ಅಪ್ಪನ ಜೊತೆ ಮೂವತ್ತು ವರ್ಷ ದುಡಿದ ಒಬ್ಬರು ಸಂತೆಯಲ್ಲಿ ಸಿಕ್ಕು, "ಅಲಾ, ಮಗನ ಬಾಯಿಂದ ಹೊರಗ ಬಂತಲ್ಲಪಾ" ಅಂದ್ರಂತೆ. ಇದನ್ನ ನನಗೆ ಹೇಳಿದ್ದು ಅವ್ವ, ಫೋನಲ್ಲಿ. ಅಪ್ಪ ಎರಡು ತಿಂಗಳು ಫೋನ್‌ಗೆ ಬರಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದೆ. ಕತೆ ಅಂದ್ರೆ ಕಲ್ಪನೆ, ಎಲ್ಲಾ ಲೇಖಕರೂ ಹೀಗೇ ಮಾಡ್ತಾರೆ ಅಂತ ಹೇಳೋಕೆ ದಾರಿ ಉದ್ದಕ್ಕೂ, ಕೊಲ್ಹಾಪುರದಿಂದ ಹುಬ್ಬಳ್ಳಿವರೆಗೆ, ಬಸ್ಸಲ್ಲಿ ರಿಹರ್ಸಲ್ ಮಾಡಿದ್ದೆ. ಅಪ್ಪ ಪಡಸಾಲೆಯಲ್ಲಿ ಕೂತಿದ್ದ. ನಾನು ಬಾಯಿ ತೆಗೆಯೋ ಮೊದಲೇ ಒಂದು ಮಾತು ಹೇಳಿದ: "ನಾ ತಗೊಂಡಿರಲಿಲ್ಲ."

ರಿಹರ್ಸಲ್ ಮಾಡಿದ್ದೆಲ್ಲ ಗಂಟಲಲ್ಲೇ ನಿಂತಿತು. ಎಪ್ಪತ್ತು ದಾಟಿದ ಮನುಷ್ಯ, ಮಗನ ಮುಂದೆ ಸಾಕ್ಷಿ ಹೇಳೋ ಹಾಗೆ ಹೇಳ್ತಿದ್ದ.

ಪುಣೆಗೆ ಬಂದು 'ಘಾಚರ್ ಘೋಚರ್' ಮತ್ತೆ ಓದಿದೆ. ನಾನು ಅದರಿಂದ ಲೆಕ್ಕ ತಪ್ಪಿದ ರಾತ್ರಿಯನ್ನ ತಗೊಂಡಿದ್ದೆ. ಮುಖ್ಯವಾದದ್ದನ್ನ ಬಿಟ್ಟಿದ್ದೆ. ಆ ಪುಸ್ತಕದಲ್ಲಿ ಕಾಫಿ ಹೌಸ್‌ನಲ್ಲಿ ಕೂತು ಕತೆ ಹೇಳೋನು ಎಲ್ಲರ ಬಗ್ಗೆ ಹೇಳ್ತಾನೆ, ಚಿಕ್ಕಪ್ಪ, ಅಮ್ಮ, ಅಕ್ಕ ಎಲ್ಲರ ಬಗ್ಗೆ. ಆದರೆ ಓದ್ತಾ ಓದ್ತಾ ನಮಗೆ ಭಯ ಆಗೋದು ಅವನನ್ನೇ ನೋಡಿ. ಎಲ್ಲಾ ಕಂಡೂ ಸುಮ್ಮನಿದ್ದವನು ಅವನು. ತಪ್ಪಿನ ದೊಡ್ಡ ಪಾಲು ಹೇಳುವವನ ಕಡೆಯೇ ಇದೆ. ಲೇಖಕರು ಅದನ್ನ ಒಂದು ಕಡೆಯೂ ಬಾಯಿಬಿಟ್ಟು ಹೇಳಲ್ಲ. ಕರ್ವಾಲೊದ ನಿರೂಪಕನೂ ಹಾಗೇ ಅಲ್ವಾ, ಮಂದಣ್ಣನನ್ನ ಮೊದಲು ಸರಿಯಾಗಿ ನೋಡದವನು ತಾನೇ ಅಂತ ಒಪ್ಪಿಕೊಂಡೇ ಹೇಳ್ತಾನೆ. ನಾನು ಏನು ಮಾಡಿದ್ದೆ? ಹುಡುಗನನ್ನ ಮುಗ್ಧ ಮಾಡಿ, ಕಳ್ಳತನವನ್ನ ಅಪ್ಪನ ತಲೆಗೆ ಕಟ್ಟಿದ್ದೆ.

ಹಾಗಾದ್ರೆ 1998ರಲ್ಲಿ ಆ ಹುಡುಗ ನಿಜವಾಗಿ ಏನು ಮಾಡಿದ? ಇದನ್ನ ನಾನು ಯಾರಿಗೂ ಹೇಳಿರಲಿಲ್ಲ. ರಜೆ ದಿನ ಮಧ್ಯಾಹ್ನ ಅಪ್ಪನಿಗೆ ಬುತ್ತಿ ಒಯ್ಯೋದು ನನ್ನ ಕೆಲಸ. ಕ್ಯಾಷ್ ಕಡಿಮೆ ಬಂದ ಸುದ್ದಿ ಹಬ್ಬಿದ ಮೇಲೆ ನಮ್ಮ ಕ್ಲಾಸಿನ ಒಬ್ಬ ಏನೋ ಅಂದ. ಅವತ್ತಿಂದ ನಾನು ಅಂಗಡಿಗೆ ಹೋಗೋದು ಬಿಟ್ಟೆ. ಹೊಟ್ಟೆನೋವು ಅಂದೆ, ಹೋಮ್‌ವರ್ಕ್ ಅಂದೆ. ಎರಡು ಭಾನುವಾರ ಬುತ್ತಿ ಹೋಗಲೇ ಇಲ್ಲ. ಅಪ್ಪ ಕೇಳಲಿಲ್ಲ. ಮೂರನೇ ಭಾನುವಾರ ಬೆಳಿಗ್ಗೆ ತಾನೇ ಕಟ್ಟಿಸ್ಕೊಂಡು ಹೋದ. ಅವನಿಗೆ ಕಾರಣ ಗೊತ್ತಿತ್ತು ಅಂತ ನನಗೂ ಗೊತ್ತಿತ್ತು.

ಕತೆ ಇದ್ದದ್ದು ಇಲ್ಲಿ. ಕಳ್ಳ ಯಾರು ಅನ್ನೋದು ಬೇಕೇ ಇರಲಿಲ್ಲ, ಓತಿ ಹಾರಿ ಹೋಗಲಿ. ಹತ್ತು ವರ್ಷದ ಹುಡುಗ ಅಪ್ಪನನ್ನ ನಂಬದೆ ಇದ್ದದ್ದು, ಅಪ್ಪ ಅದನ್ನ ನೋಡಿಯೂ ಸುಮ್ಮನೆ ಬುತ್ತಿ ಎತ್ಕೊಂಡು ಹೋದದ್ದು, ಅಷ್ಟೇ. ಅದನ್ನ ಬರೆಯೋಕೆ ನಾಚಿಕೆ ಆಗಿ ಸುಲಭದ ದಾರಿ ಹಿಡಿದಿದ್ದೆ. ಮೂವತ್ತಮೂರನೇ ವಯಸ್ಸಲ್ಲಿ ಮತ್ತೊಂದು ಸಲ ಅವನನ್ನ ನಂಬದವನ ಹಾಗೆ ಬರೆದೆ.

ಕತೆಯನ್ನ ಪೂರ್ತಿ ಹೊಸದಾಗಿ ಬರೆದೆ. ಏಳು ತಿಂಗಳು ಹಿಡೀತು. ಈ ಸಲ ಮೊದಲು ಓದಿಸಿದ್ದು ಮನೇಲಿ. ಅವ್ವ ಕೇಳಲ್ಲ ಅಂದಳು. "ನನ್ನ ಬಳಿ ಸುದ್ದಿ ಯಾಕ ಬರದಿ, ಮಂದಿಗೆ ಯಾಕ ಬೇಕದು?" ಅಂತ ಒಳಗೆ ಹೋದಳು. ಆ ಪ್ರಶ್ನೆಗೆ ನನ್ನ ಹತ್ರ ಇವತ್ತಿಗೂ ಉತ್ತರ ಇಲ್ಲ. ಅದಕ್ಕೇ ಹೊಸ ಕತೆಯನ್ನ ಎಲ್ಲಿಗೂ ಕಳಿಸಿಲ್ಲ, ಅವ್ವ ಹೂಂ ಅನ್ನೋವರೆಗೆ ಕಳಿಸೋದೂ ಇಲ್ಲ. ಹಳೆಯ ಕತೆಯನ್ನ ವಾಪಸ್ ತಗೊಳ್ಳೋಕೆ ಆಗಲ್ಲ, ಅಚ್ಚಾಗಿ ಮನೆಮನೆ ಸೇರಿದೆ. ಊರಲ್ಲಿ ಕೇಳಿದವರಿಗೆಲ್ಲ ಹೇಳ್ತೀನಿ: ಆ ಕೊನೆ ಸುಳ್ಳು, ಅದನ್ನ ಬರೆದದ್ದು ನನ್ನ ತಪ್ಪು. ಇವತ್ತು ಇಲ್ಲೂ ಹೇಳ್ತಿದ್ದೀನಿ. ಬಳಿ ವಿಷಯ ಇಲ್ಲಿ ಹೇಳೋಕೆ ಅವ್ವನ ಒಪ್ಪಿಗೆ ಕೇಳಿದೆ. "ಅಷ್ಟರ ಹೇಳು, ಅಪ್ಪನ ಹೆಸರು ತೊಳದ್ರ ಸಾಕು" ಅಂದಳು.

ಬರೀಬೇಕು ಅನ್ನೋ ಆಸೆ ಇರೋರು ಇಲ್ಲಿ ಕೆಲವರಾದರೂ ಇದ್ದೀರಿ, ಅವರಿಗೊಂದು ಮಾತು. ನಿಮಗೆ ಇಷ್ಟವಾದ ಮೂರು ಪುಸ್ತಕ ಅಥವಾ ಸಿನಿಮಾ ಬರೀರಿ. ಪ್ರತಿಯೊಂದರ ಪಕ್ಕ, ಅದರ ಯಾವ ಜಾಗದಲ್ಲಿ ನೀವು ಪುಸ್ತಕ ಮುಚ್ಚಿಟ್ರಿ ಅಥವಾ ಪಾಸ್ ಒತ್ತಿದ್ರಿ ಅಂತ ಬರೀರಿ. ಅಲ್ಲಿ ನಿಮ್ಮ ಮನೆಯ ಏನೋ ಒಂದು ಇರುತ್ತೆ. ಮಳೆ, ಕಾಡು, ಕೋವಿ ಅವರಿಗೇ ಇರಲಿ. ನಿಮ್ಮದು ಕೊಪ್ಪಳದ ಬಿಸಿಲಾಗಿರಬಹುದು, ಚೆನ್ನೈನ ಪಿಜಿ ರೂಮ್ ಆಗಿರಬಹುದು. ಬರೆಯೋವಾಗ ತಪ್ಪನ್ನ ಬೇರೆಯವರ ತಲೆಗೆ ಕಟ್ಟೋ ಮೊದಲು ಒಂದು ಸಲ ನಿಮ್ಮ ಬುತ್ತಿ ನೋಡ್ಕೊಳ್ಳಿ.

ಕೊನೆಯ ವಿಷಯ. ಹೊಸ ಕತೆಯನ್ನ ಅಪ್ಪನಿಗೆ ನಾನೇ ಜೋರಾಗಿ ಓದಿದೆ. ಬುತ್ತಿಯ ಭಾಗ ಬಂದಾಗ ನನ್ನ ದನಿ ಸರಿಯಿರಲಿಲ್ಲ. ಅಪ್ಪ ಕಿಟಕಿ ಕಡೆ ನೋಡ್ತಿದ್ದ. ಓದಿ ಮುಗಿದು ಎಷ್ಟೋ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ಮೂವತ್ತು ವರ್ಷ ಲೆಕ್ಕ ಬರೆದವನು ಒಂದೇ ಒಂದು ತಿದ್ದುಪಡಿ ಹೇಳಿದ. ನಾನು ನಾಲ್ಕು ಸಾವಿರ ಅಂತ ಬರೆದಿದ್ದೆ.

"ಮೂರು ಸಾವಿರದ ಆರುನೂರಾ ನಲವತ್ತು," ಅಂದ. "ರೌಂಡ್ ಮಾಡಬ್ಯಾಡ."